ಬೀಜದ ಪೊಟ್ಟಣಕ್ಕಿರುವ ಚೀಟಿ ಆಟಕ್ಕೇಕಿಲ್ಲ?

ರಾಣೆಬೆನ್ನೂರಿನ ಬೀಜದ ಅಂಗಡಿಗೆ ಬರುವ ಅನುಭವಿ ರೈತರು ಪೊಟ್ಟಣದ ಮೇಲಿನ ಬಣ್ಣದ ಚಿತ್ರಕ್ಕೆ ಮರುಳಾಗುವುದಿಲ್ಲ. ಅದರ ಚೀಟಿಯನ್ನು ತಿರುವಿ ಓದುತ್ತಾರೆ. ಮೊಳಕೆಯ ಪ್ರಮಾಣ ಎಷ್ಟು, ಶುದ್ಧತೆ ಎಷ್ಟು, ಪರೀಕ್ಷೆ ನಡೆದ ದಿನಾಂಕ ಯಾವುದು ಎಂಬ ವಿವರಗಳನ್ನು ಅಲ್ಲಿ ನಮೂದಿಸಲೇಬೇಕೆಂದು 1966ರ ಬೀಜ ಕಾಯ್ದೆ ಮತ್ತು ಅದರಡಿಯ ನಿಯಮಗಳು ವಿಧಿಸಿವೆ. ಮೆಣಸಿನಕಾಯಿ ಬೀಜವಾದರೆ ನೂರಕ್ಕೆ ಕನಿಷ್ಠ 60 ಮೊಳೆಯಬೇಕೆಂಬ ಮಾನದಂಡವಿದೆ. ಈ ವ್ಯವಸ್ಥೆಯಲ್ಲಿ ಲೋಪಗಳೇ ಇಲ್ಲವೆಂದಲ್ಲ. ಕಳಪೆ ಬೀಜದ ದೂರುಗಳು ಮುಂಗಾರಿನೊಂದಿಗೇ ಬರುತ್ತವೆ. ಆದರೆ ದೂರು ಸಲ್ಲಿಸಲು ರೈತರ ಕೈಯಲ್ಲಿ ಒಂದು ಅಂಕಿಯಾದರೂ ಇರುತ್ತದೆ.

ಅದೇ ರೈತರ ಮನೆಯ ಹುಡುಗ ವಿಡಿಯೊ ಗೇಮ್ ಕೊಳ್ಳಲು ಹೊರಟರೆ ಅವನಿಗೆ ಈ ಅನುಕೂಲವಿಲ್ಲ. ಒಂದೇ ಆಟ, ಒಂದೇ ಹೆಸರು, ಬಹುಪಾಲು ಒಂದೇ ಬೆಲೆ. ಆದರೆ ಪ್ಲೇಸ್ಟೇಷನ್‌ನಲ್ಲಿ ಒಂದು ಬಗೆಯ ಚಿತ್ರ, ಎಕ್ಸ್‌ಬಾಕ್ಸ್‌ನಲ್ಲಿ ಇನ್ನೊಂದು, ಕಂಪ್ಯೂಟರಿನಲ್ಲಿ ಮತ್ತೊಂದು. ಈ ವ್ಯತ್ಯಾಸವನ್ನು ಕುರಿತು ಯುವಕರು ಗಂಟೆಗಟ್ಟಲೆ ನಡೆಸುವ ಚರ್ಚೆಯನ್ನು ಹಿರಿಯರು ಕಾಲಹರಣವೆಂದು ತಳ್ಳಿಹಾಕುವುದುಂಟು. ಅರ್ಥಶಾಸ್ತ್ರ ಓದಿದವರಿಗೆ ಅದು ಹಾಗೆ ಕಾಣಬೇಕಾಗಿಲ್ಲ. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಂದ ಮರೆಯಾಗಿರುವ ಗುಣಮಟ್ಟವನ್ನು ಗ್ರಾಹಕರು ತಾವೇ ಅಳೆದು ತಿಳಿಯಲು ಮಾಡುತ್ತಿರುವ ಪ್ರಯತ್ನ ಅದು.

ಬೆಂಗಳೂರಿನ ನಂಟೂ ಇರುವ ಒಂದು ಉದಾಹರಣೆಯನ್ನು ನೋಡಬಹುದು. ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯ ‘ರೆಡ್ ಡೆಡ್ ರಿಡೆಂಪ್ಷನ್ 2’ ಆಟ 2018ರ ಅಕ್ಟೋಬರ್ 26ರಂದು ಕನ್ಸೋಲ್‌ಗಳಿಗೆ, 2019ರ ನವೆಂಬರ್ 5ರಂದು ಕಂಪ್ಯೂಟರ್‌ಗಳಿಗೆ ಬಿಡುಗಡೆಯಾಯಿತು. ಅದರ ನಿರ್ಮಾಣದಲ್ಲಿ ಸಂಸ್ಥೆಯ ಬೆಂಗಳೂರು ಸ್ಟುಡಿಯೊ ಕೂಡ ಪಾಲ್ಗೊಂಡಿತ್ತು. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಕಂಪನಿಯನ್ನು 2019ರಲ್ಲಿ ಖರೀದಿಸಿ ಈ ಸ್ಟುಡಿಯೊದೊಡನೆ ಸೇರಿಸಿಕೊಂಡದ್ದೂ ಇದೇ ಸಂಸ್ಥೆ. ಆಟಗಳ ಚಿತ್ರಗುಣವನ್ನು ಅಳೆಯುವುದನ್ನೇ ಕಸುಬಾಗಿಸಿಕೊಂಡಿರುವ ಬ್ರಿಟನ್ನಿನ ಡಿಜಿಟಲ್ ಫೌಂಡ್ರಿ ತಂಡ ಈ ಆಟವನ್ನು ಪರೀಕ್ಷಿಸಿದಾಗ ಕಂಡದ್ದು ಗಮನಾರ್ಹ. ಎಕ್ಸ್‌ಬಾಕ್ಸ್ ಒನ್ ಯಂತ್ರ ಪ್ರತಿ ಚಿತ್ರವನ್ನು 864 ಸಾಲುಗಳಲ್ಲಿ, ಅಂದರೆ ಸುಮಾರು 13 ಲಕ್ಷ ಪಿಕ್ಸೆಲ್‌ಗಳಲ್ಲಿ ಮೂಡಿಸುತ್ತಿತ್ತು. ಪ್ಲೇಸ್ಟೇಷನ್ 4ರಲ್ಲಿ 1080 ಸಾಲು, ಸುಮಾರು 21 ಲಕ್ಷ ಪಿಕ್ಸೆಲ್. ಪ್ಲೇಸ್ಟೇಷನ್ 4 ಪ್ರೊ ಸುಮಾರು 41 ಲಕ್ಷ ಪಿಕ್ಸೆಲ್‌ಗಳನ್ನು ಮೂಡಿಸಿ ಉಳಿದುದನ್ನು ಅಂದಾಜಿನಿಂದ ತುಂಬುತ್ತಿತ್ತು. ಎಕ್ಸ್‌ಬಾಕ್ಸ್ ಒನ್ ಎಕ್ಸ್ ಮಾತ್ರ ಪೂರ್ಣ 4ಕೆ ಚಿತ್ರವನ್ನು, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್‌ಗಳನ್ನು ಕೊಡುತ್ತಿತ್ತು. ಮೊದಲನೆಯದಕ್ಕೂ ಕೊನೆಯದಕ್ಕೂ ಆರು ಪಟ್ಟಿಗಿಂತ ಹೆಚ್ಚು ಅಂತರ. ಆದರೆ ಅಮೆರಿಕದಲ್ಲಿ ಎಲ್ಲರೂ ಆಟಕ್ಕೆ ತೆತ್ತದ್ದು ಒಂದೇ ಬೆಲೆ: 59.99 ಡಾಲರ್.

ಪಿಕ್ಸೆಲ್ ಲೆಕ್ಕ ಒಂದು ಅಳತೆ ಮಾತ್ರ. ಕ್ಷಣಕ್ಕೆ ಎಷ್ಟು ಚಿತ್ರಗಳು ಬದಲಾಗುತ್ತವೆ ಎಂಬ ಫ್ರೇಮ್ ಲೆಕ್ಕ ಎರಡನೆಯದು. ಕ್ಷಣಕ್ಕೆ 30 ಫ್ರೇಮ್ ಸಾಕೆಂದರೆ ಒಂದೊಂದು ಚಿತ್ರವನ್ನು ರಚಿಸಲು ಯಂತ್ರಕ್ಕೆ 33 ಮಿಲಿಸೆಕೆಂಡ್ ಕಾಲಾವಕಾಶ. 60 ಬೇಕೆಂದರೆ ಅದರ ಅರ್ಧ ಮಾತ್ರ. ಯಂತ್ರದ ಸಾಮರ್ಥ್ಯ ಸೀಮಿತವಾದುದರಿಂದ, ಇರುವ ಕಾಲುವೆ ನೀರನ್ನು ಎರಡು ಬೆಳೆಗಳಿಗೆ ಹಂಚಿದಂತೆ, ಸ್ಪಷ್ಟತೆಗೆ ಹೆಚ್ಚು ಕೊಟ್ಟರೆ ವೇಗಕ್ಕೆ ಕಡಿಮೆಯಾಗುತ್ತದೆ. ಕನ್ಸೋಲ್‌ಗಳಲ್ಲಿ ಈ ಹಂಚಿಕೆಯನ್ನು ಬಹುಮಟ್ಟಿಗೆ ತಯಾರಕರೇ ನಿರ್ಧರಿಸುತ್ತಾರೆ. ಕಂಪ್ಯೂಟರಿನಲ್ಲಿ ನಿರ್ಧಾರ ಆಡುವವನದು. ಆದರೆ ಅದಕ್ಕೆ ತೆರಬೇಕಾದ ಬೆಲೆ ಸಾಮಾನ್ಯವಲ್ಲ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದ 2021ರ ಫೆಬ್ರುವರಿಯಲ್ಲಿ ಡಿಸ್ಕ್ ಮಾದರಿಯ ಬೆಲೆ 49,990 ರೂಪಾಯಿ ಇತ್ತು. 2025ರ ಜನವರಿಯಲ್ಲಿ ಪ್ರಕಟವಾದ ಎನ್‌ವಿಡಿಯಾ ಆರ್‌ಟಿಎಕ್ಸ್ 5090 ಎಂಬ ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಇಲ್ಲಿ 2,14,000 ರೂಪಾಯಿ ಗೊತ್ತುಪಡಿಸಲಾಗಿತ್ತು.

ಮಾಹಿತಿಯ ಕೊರತೆ ಎಂತಹ ಅನಾಹುತಕ್ಕೆ ಎಡೆಮಾಡಿಕೊಡಬಲ್ಲದೆಂಬುದಕ್ಕೆ 2020ರ ಡಿಸೆಂಬರ್ 10ರಂದು ಬಿಡುಗಡೆಯಾದ ‘ಸೈಬರ್‌ಪಂಕ್ 2077’ ಸಾಕ್ಷಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ ವಿಮರ್ಶಕರಿಗೆ ಮುಂಗಡವಾಗಿ ಕೊಟ್ಟದ್ದು ಕಂಪ್ಯೂಟರ್ ಆವೃತ್ತಿಯನ್ನು ಮಾತ್ರ. ಅದನ್ನು ನಂಬಿ ಹಳೆಯ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಯಂತ್ರಗಳಿಗೆ ಆಟ ಕೊಂಡವರಿಗೆ ಸಿಕ್ಕಿದ್ದು ಮಸುಕು ಚಿತ್ರ, ಮುಗ್ಗರಿಸುವ ಚಲನೆ. ಹಳೆಯ ಕನ್ಸೋಲ್‌ಗಳಲ್ಲಿ ಆಟ ಹೇಗೆ ಕಾಣುತ್ತದೆಂದು ಮೊದಲೇ ತೋರಿಸದಿದ್ದುದಕ್ಕೆ ಕಂಪನಿ ಕ್ಷಮೆ ಕೋರಿತು. ಸೋನಿ ಒಂದೇ ವಾರದಲ್ಲಿ ಆಟವನ್ನು ತನ್ನ ಡಿಜಿಟಲ್ ಮಳಿಗೆಯಿಂದ ತೆಗೆದುಹಾಕಿ, ಹಣ ಹಿಂದಿರುಗಿಸುವುದಾಗಿ ಘೋಷಿಸಿತು. ಆಟ ಮಳಿಗೆಗೆ ಮರಳಿದ್ದು 2021ರ ಜೂನ್ 21ರಂದು. ಅಮೆರಿಕದ ಹೂಡಿಕೆದಾರರು ಹೂಡಿದ ಮೊಕದ್ದಮೆಯನ್ನು ಕಂಪನಿ 18.5 ಲಕ್ಷ ಡಾಲರ್‌ಗೆ ಇತ್ಯರ್ಥಪಡಿಸಿಕೊಂಡಿತು. 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯನ್ನು ಮುಂದಿಟ್ಟುಕೊಂಡು ವಿವರಿಸಿದ್ದು ಇದನ್ನೇ: ಗುಣಮಟ್ಟ ಮಾರುವವನಿಗೆ ಮಾತ್ರ ತಿಳಿದಿರುವಾಗ ಒಳ್ಳೆಯ ಸರಕಿಗೂ ಕೆಟ್ಟ ಸರಕಿಗೂ ಒಂದೇ ಬೆಲೆ ಬರುತ್ತದೆ, ಕಾಲಕ್ರಮೇಣ ಒಳ್ಳೆಯದು ಪೇಟೆಯಿಂದಲೇ ಕಾಲ್ತೆಗೆಯುತ್ತದೆ.

ಚಿತ್ರದ ಚೆಲುವು ಅವರವರ ಅಭಿರುಚಿಗೆ ಬಿಟ್ಟದ್ದು, ಅದನ್ನು ಅಳೆಯುವುದು ಹೇಗೆ ಎಂಬ ಆಕ್ಷೇಪ ಸಹಜ. ಇದಕ್ಕೆ ಉತ್ತರ ಬ್ಯಾಡಗಿಯ ಪೇಟೆಯಲ್ಲಿದೆ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಕಣ್ಣಿಗೆ ಕಾಣುವ ಆ ಕೆಂಪನ್ನು ಅಮೆರಿಕದ ಮಸಾಲೆ ವ್ಯಾಪಾರ ಸಂಘ ರೂಪಿಸಿದ ಅಸ್ಟಾ ಮಾನದಲ್ಲಿ ಪ್ರಯೋಗಾಲಯಗಳು ಅಳೆಯುತ್ತವೆ. ಸಾರಿನ ರುಚಿಯನ್ನು ಅಂಕಿ ಹೇಳಲಾರದು. ಬಣ್ಣದ ಪ್ರಮಾಣವನ್ನು ಹೇಳಬಲ್ಲದು. ಹಾಗೆಯೇ ಆಟದ ಕಥೆ, ಕಲಾವಿದರ ಕೈಚಳಕ ಅಳತೆಗೆ ದಕ್ಕುವುದಿಲ್ಲ. ಪಿಕ್ಸೆಲ್ ಮತ್ತು ಫ್ರೇಮ್ ದಕ್ಕುತ್ತವೆ.

ಇದು ಉಳ್ಳವರ ಮನೆಮಕ್ಕಳ ಚಿಂತೆ ಎಂಬ ಮಾತೂ ಪೂರ್ತಿ ಸರಿಯಲ್ಲ. ಹಾವೇರಿ ತಾಲ್ಲೂಕಿನ ಗುತ್ತಲದಂತಹ ಸಣ್ಣ ಪಟ್ಟಣಗಳ ಹುಡುಗರಿಗೆ ಕನ್ಸೋಲ್ ಕೈಗೆಟುಕದಿರಬಹುದು, ಮೊಬೈಲ್ ಫೋನ್ ಎಟುಕಿದೆ. 2021ರಲ್ಲಿ ಬಂದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಆಟದಲ್ಲಿ ಗ್ರಾಫಿಕ್ಸ್ ಮತ್ತು ಫ್ರೇಮ್ ಆಯ್ಕೆಗಳು ಫೋನಿನ ಸಾಮರ್ಥ್ಯಕ್ಕೆ ತಕ್ಕಂತೆ ತೆರೆದುಕೊಳ್ಳುತ್ತವೆ. ಅಗ್ಗದ ಫೋನಿನಲ್ಲಿ ಎದುರಾಳಿಯ ಚಲನೆ ತಡವಾಗಿ ಕಾಣುವುದರಿಂದ ಪೈಪೋಟಿಯೇ ಅಸಮವಾಗುತ್ತದೆ. ಸಾಲ ಮಾಡಿ ಫೋನ್ ಕೊಡಿಸುವ ತಂದೆತಾಯಿಗೆ ಇದನ್ನು ತಿಳಿಸುವವರಾರು? ದುಬಾರಿ ಯಂತ್ರ ಕೊಳ್ಳಬಲ್ಲವನು ತಪ್ಪು ಆಯ್ಕೆಯನ್ನು ಮುಂದಿನ ವರ್ಷ ತಿದ್ದಿಕೊಳ್ಳಬಲ್ಲ. ಒಮ್ಮೆ ಮಾತ್ರ ಕೊಳ್ಳಬಲ್ಲವನಿಗೆ ಆ ಅವಕಾಶವಿಲ್ಲ. ಆದುದರಿಂದ ಮಾಹಿತಿಯ ಅಗತ್ಯ ಬಡವನಿಗೇ ಹೆಚ್ಚು.

ಪೆಟ್ಟಿಗೆಯ ಮೇಲೆ ಅಂಕಿಗಳೇ ಇರುವುದಿಲ್ಲವೆಂದು ಹೇಳಲಾಗದು. ಆದರೆ ಅವು ಯಂತ್ರದ ಗರಿಷ್ಠ ಸಾಮರ್ಥ್ಯವನ್ನು ಸಾರುತ್ತವೆಯೇ ಹೊರತು ಆಟದ ನೈಜ ಗುಣವನ್ನಲ್ಲ. ಪ್ಲೇಸ್ಟೇಷನ್ 5ರ ಪೆಟ್ಟಿಗೆಯ ಮೇಲೆ ಮೊದಲಿಗೆ ಅಚ್ಚಾಗುತ್ತಿದ್ದ ‘8ಕೆ’ ಎಂಬ ಗುರುತು 2024ರಲ್ಲಿ ಸದ್ದಿಲ್ಲದೆ ಮರೆಯಾಯಿತು.

ಪರಿಹಾರ ಕಷ್ಟದ್ದೇನಲ್ಲ. ಇಂಧನ ದಕ್ಷತಾ ಬ್ಯೂರೊ 2006ರಲ್ಲಿ ನಕ್ಷತ್ರ ಗುರುತಿನ ಚೀಟಿಯನ್ನು ಮೊದಲು ಸ್ವಇಚ್ಛೆಗೆ ಬಿಟ್ಟು ಆರಂಭಿಸಿತು. 2010ರಿಂದ ಹವಾನಿಯಂತ್ರಕದಂತಹ ಕೆಲವು ಉಪಕರಣಗಳಿಗೆ ಕಡ್ಡಾಯಗೊಳಿಸಲಾಯಿತು. ಇಂದು ರೆಫ್ರಿಜರೇಟರ್ ಕೊಳ್ಳುವ ಗೃಹಿಣಿ ನಕ್ಷತ್ರ ಎಣಿಸದೆ ಹಣ ಕೊಡುವುದಿಲ್ಲ. ಆಟಗಳಿಗೂ ಇದೇ ಹಾದಿ ಸಲ್ಲುತ್ತದೆ. ಪ್ರತಿ ಕನ್ಸೋಲ್‌ನಲ್ಲಿ ನೈಜವಾಗಿ ಮೂಡುವ ಪಿಕ್ಸೆಲ್ ಎಷ್ಟು, ಕನಿಷ್ಠ ಮತ್ತು ಸರಾಸರಿ ಫ್ರೇಮ್ ಎಷ್ಟು, ಜಾಹೀರಾತಿನ ದೃಶ್ಯ ಯಾವ ಯಂತ್ರದ್ದು ಎಂಬ ಮೂರು ಸಾಲುಗಳು ಸಾಕು. ಕಂಪ್ಯೂಟರ್‌ಗಳು ನೂರಾರು ಬಗೆಯವೆಂಬುದು ನಿಜ; ಅದಕ್ಕಾಗಿ ಕಡಿಮೆ, ಮಧ್ಯಮ, ಮೇಲ್ದರ್ಜೆಯ ಮೂರು ಮಾದರಿ ಯಂತ್ರಗಳನ್ನು ಗೊತ್ತುಪಡಿಸಿ ಅವುಗಳ ಫಲಿತಾಂಶ ಕೊಡಬಹುದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರವನ್ನು ಕೇಂದ್ರೀಯ ಪ್ರಾಧಿಕಾರಕ್ಕೆ ಕೊಟ್ಟಿದೆ. ಹೊಸ ಕಾನೂನು ಬೇಕಿಲ್ಲ. ಆಟಗಳ ಬಗ್ಗೆ ಒಂದು ಸ್ಪಷ್ಟ ಮಾರ್ಗಸೂಚಿ ಬೇಕು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲೇ ನೀತಿ ರೂಪಿಸಿ, 2024ರಲ್ಲಿ ಮೂರನೆಯ ನೀತಿ ತಂದಿರುವ ಕರ್ನಾಟಕ ಸರ್ಕಾರವೂ ಇದರಲ್ಲಿ ಮೊದಲ ಹೆಜ್ಜೆ ಇಡಬಹುದು. ಪ್ರೋತ್ಸಾಹಧನ ಪಡೆಯುವ ಸ್ಟುಡಿಯೊಗಳು ತಮ್ಮ ಆಟಗಳಿಗೆ ಇಂತಹ ಚೀಟಿ ಲಗತ್ತಿಸಬೇಕೆಂಬ ಷರತ್ತಿನಿಂದ ಬೊಕ್ಕಸಕ್ಕೆ ಹೊರೆಯಾಗದು. ಒಳ್ಳೆಯ ಕೆಲಸ ಮಾಡುವ ಸ್ಟುಡಿಯೊಗಳಿಗೆ ಅದರಿಂದ ಲಾಭವೇ ಹೆಚ್ಚು. ಮೂರು ಸಾಲಿನ ಸತ್ಯ ಬರೆಯಲು ಹಿಂಜರಿಯುವವರ ಸರಕನ್ನು ಕೊಳ್ಳುವ ಮುನ್ನ ಯೋಚಿಸಬೇಕೆಂಬುದು ಗ್ರಾಹಕರಿಗೂ ತಿಳಿಯುತ್ತದೆ.