ಇಂಟರ್‌ವಲ್ ಹರಟೆ: ಕೊರಿಯಾದಿಂದ ಏನ್ ತರ್ಬೇಕು ಗುರುವೇ?

ಬೆಲ್ ಹೊಡೀತು, ಲೈಟ್ ಹತ್ತಿತು. ಟೀ ಕಡಲೆಕಾಯಿ ತಗೊಂಡು ಬನ್ನಿ, ಕೂತ್ಕೊಳ್ಳಿ.

ಈ ವಾರದ ಪತ್ರ ಭೇರ್ಯದಿಂದ. ಕೆ.ಆರ್. ನಗರ ದಾಟಿ ಹೊಳೆನರಸೀಪುರದ ಕಡೆ ಹೋಗೋ ಬಸ್ಸಿನಲ್ಲಿ ಕೂತವರಿಗೆ ಗೊತ್ತಿರೋ ಊರು. ಬರೆದವರ ಅಣ್ಣ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಕಂಪನಿಯವರು ಮೂರು ವಾರ ಕೊರಿಯಾದ ಸುವಾನ್ ನಗರಕ್ಕೆ ಕಳಿಸ್ತಿದ್ದಾರಂತೆ. ಸುದ್ದಿ ಊರಿಗೆ ಮುಟ್ಟಿದ್ದೇ ತಡ, ಚೀಟಿಗಳ ಸುರಿಮಳೆ! ಚಿಕ್ಕಪ್ಪನಿಗೆ ಟಿ.ವಿ., ಭಾವನಿಗೆ ಮೊಬೈಲು, ತಂಗಿಗೆ ಮುಖಕ್ಕೆ ಹಚ್ಚೋ ಕ್ರೀಮು, ಗೆಳೆಯರಿಗೆಲ್ಲ “ಏನಾದ್ರೂ ಒಂದು ಫಾರಿನ್ ಐಟಂ”. ಪತ್ರದ ಕೊನೆಯಲ್ಲಿ ಹೀಗಿದೆ: “ಅಣ್ಣ ಸಾಲ ಮಾಡೋ ಯೋಚನೆಯಲ್ಲಿದ್ದಾನೆ. ಬರಿಗೈಲಿ ಬಂದ್ರೆ ಊರಲ್ಲಿ ಮರ್ಯಾದೆ ಉಳಿಯೋಲ್ಲ ಅಂತಾನೆ. ಏನು ತರಬೇಕು, ನೀವೇ ಹೇಳಿ.”

ಹೇಳ್ತೀನಿ ಸ್ವಾಮಿ. ಮೊದಲನೇ ಮಾತು: ಸಾಲ ಬೇಡ. ಎರಡನೇ ಮಾತು: ಬರಿಗೈಲೂ ಬರೋದು ಬೇಡ. ಇವೆರಡರ ಮಧ್ಯೆ ದಾರಿ ಇದೆ.

ಆ ಸೂಟ್‌ಕೇಸ್ ಕಾಲ ಹೋಯ್ತು

ನಿಮ್ಮ ಪಕ್ಕದ ಹುಣಸೂರಲ್ಲಿ ಹುಟ್ಟಿದ ದ್ವಾರಕೀಶ್ ಅವರು 1978ರಲ್ಲಿ ವಿಷ್ಣುವರ್ಧನ್ ಜೊತೆ ‘ಸಿಂಗಾಪೂರ್‌ನಲ್ಲಿ ರಾಜಾಕುಳ್ಳ’ ಮಾಡಿದರು. ಹೊರದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರ! ಆಗ ಸಿಂಗಾಪುರದಿಂದ ಬಂದವನ ಪೆಟ್ಟಿಗೆ ಅಂದ್ರೆ ಊರಿಗೇ ಹಬ್ಬ. ಟೇಪ್‌ರೆಕಾರ್ಡರು, ವಾಚು, ನೈಲಾನ್ ಸೀರೆ... ಅವೆಲ್ಲ ಇಲ್ಲಿ ಸುಲಭವಾಗಿ ಸಿಗ್ತಿರಲಿಲ್ಲ. ಆಮದಿಗೆ ನೂರೆಂಟು ಕಟ್ಟಳೆ, ಮೈ ಸುಡೋ ಸುಂಕ. ಅದಕ್ಕೇ ಅಂದಿನ ಸಿನಿಮಾ ಖಳನಾಯಕರಿಗೆ ಕಳ್ಳಸಾಗಣೆಯೇ ಕಸುಬು! 1991ರ ಆರ್ಥಿಕ ಸುಧಾರಣೆ ಬಂದ ಮೇಲೆ ಬಾಗಿಲು ಒಂದೊಂದಾಗಿ ತೆರೀತು.

ಈಗಿನ ಲೆಕ್ಕ ಕೇಳಿ. ಹ್ಯುಂಡೈ ಕೊರಿಯಾದ ಕಂಪನಿ, ನಿಜ. ಆದರೆ 1998ರಿಂದ ಅದರ ಕಾರು ಇಳೀತಾ ಇರೋದು ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಲ್ಲಿ. ಸ್ಯಾಮ್‌ಸಂಗ್ 2018ರಲ್ಲಿ ದಿಲ್ಲಿ ಪಕ್ಕದ ನೋಯ್ಡಾದಲ್ಲಿ ದೊಡ್ಡ ಮೊಬೈಲ್ ಕಾರ್ಖಾನೆ ತೆರೆಯಿತು. ಭಾವನಿಗೆ ಬೇಕಾದ ಫೋನು ಮೈಸೂರಿನ ಅಂಗಡೀಲೇ ಕೂತಿದೆ, ಇಲ್ಲಿಯ ಬಿಲ್ಲು ಗ್ಯಾರಂಟಿ ಸಮೇತ. ಅದನ್ನು ಸುವಾನ್‌ನಿಂದ ಹೊತ್ತು ತರೋದು ಯಾಕೆ? ಇನ್ನೊಂದು ತಮಾಷೆ: ಕೊರಿಯಾದಲ್ಲಿ ಮಾರೋ ಫೋನಿನಲ್ಲಿ ಫೋಟೋ ತೆಗೆದಾಗ ‘ಕ್ಲಿಕ್’ ಸದ್ದು ಕೇಳಿಸಲೇಬೇಕು ಅನ್ನೋ ಕಟ್ಟಳೆ 2004ರಿಂದ ಇದೆ. ಕದ್ದು ಫೋಟೋ ತೆಗೆಯೋರಿಗೆ ಕಡಿವಾಣ!

ಚಿಕ್ಕಪ್ಪನ ಟಿ.ವಿ. ಕಥೆ ಇನ್ನೂ ಕಷ್ಟ. ಹಿಂದೆ ಜನ ದುಬೈ, ಬ್ಯಾಂಕಾಕ್‌ನಿಂದ ಟಿ.ವಿ. ಹೊತ್ತು ತರ್ತಿದ್ದರು. 2013ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಚಪ್ಪಟೆ ಟಿ.ವಿ.ಗಳಿಗೆ ಆ ಸುಂಕದ ರಿಯಾಯಿತಿ ತೆಗೆದುಹಾಕಿ ಶೇ. 35ಕ್ಕೂ ಮೇಲೆ ಸುಂಕ ಜಡಿಯಿತು. ಅಲ್ಲಿಗೆ ಆ ಲಾಭದ ಆಟ ಮುಗೀತು. ಚಿಕ್ಕಪ್ಪನವರಿಗೆ ಕೈಮುಗಿದು ಇದನ್ನೇ ಹೇಳಿ.

ಹಾಗಾದ್ರೆ ತರೋದೇನು?

ಇಲ್ಲಿ ಸಿಗದೇ ಇರೋದನ್ನ, ಅಲ್ಲಿಯವರು ಕೈಯಾರೆ ಮಾಡಿದ್ದನ್ನ, ಪೆಟ್ಟಿಗೆಯ ಮೂಲೆಯಲ್ಲಿ ಹಿಡಿಸೋದನ್ನ ತನ್ನಿ. ನನ್ನ ಪಟ್ಟಿ ಇದು:

ಒಂದು — ಹೆಸರಿನ ಮೊಹರು. ಕೊರಿಯಾದವರು ಇದಕ್ಕೆ ‘ದೊಜಾಂಗ್’ ಅಂತಾರೆ. ಕಲ್ಲಿನಲ್ಲೋ ಮರದಲ್ಲೋ ಹೆಸರು ಕೆತ್ತಿ ಕೊಡ್ತಾರೆ. ಸೋಲ್ ನಗರದ ಇನ್ಸಾದೊಂಗ್ ಬೀದಿಯಲ್ಲಿ ಇಂಥ ಅಂಗಡಿಗಳಿವೆ. ಅವರ ಲಿಪಿ ‘ಹಂಗುಲ್’. ಸೆಜೊಂಗ್ ದೊರೆ 1446ರಲ್ಲಿ ಪ್ರಕಟಿಸಿದ್ದು. ನಮ್ಮ ಕಾಗುಣಿತದ ಹಾಗೇ ವ್ಯಂಜನಕ್ಕೆ ಸ್ವರ ಸೇರಿಸಿ ಒಂದೊಂದು ಅಕ್ಷರದ ಗುಂಪು ಕಟ್ಟೋದು. ಅಪ್ಪನ ಹೆಸರು ಕೆತ್ತಿಸಿ ತಂದುಕೊಡಿ. ಅದು ಯಾವ ಅಂಗಡೀಲೂ ಸಿಗೋ ಮಾಲಲ್ಲ!

ಎರಡು — ಅಮ್ಮನಿಗೆ ಕಂಚಿನ ಬಟ್ಟಲು. ‘ಯೂಗಿ’ ಅಂತ ಕೇಳಿ. ನೂರಕ್ಕೆ 78 ಪಾಲು ತಾಮ್ರ, 22 ಪಾಲು ತವರ ಬೆರೆಸಿ, ಕಾಯಿಸಿ ಬಡಿದು ಮಾಡೋ ಪಾತ್ರೆ. ನಮ್ಮ ಅಜ್ಜಿಯರ ಕಂಚಿನ ತಟ್ಟೆಯ ದಾಯಾದಿ ಅಂದ್ಕೊಳ್ಳಿ. ಬೆಲೆ ಸ್ವಲ್ಪ ಜಾಸ್ತಿ, ಒಂದೇ ಸಾಕು. ಕೈ ಬಿಗಿ ಇದ್ರೆ ಉದ್ದ ಹಿಡಿಯ ಚಮಚ ಮತ್ತು ಊಟದ ಕಡ್ಡಿಗಳ ಸ್ಟೀಲಿನ ಜೋಡಿ ತನ್ನಿ, ಅಗ್ಗ.

ಮೂರು — ಗೆಳೆಯರಿಗೆ ಕಾಲುಚೀಲ! ನಗಬೇಡಿ. ಬೀದಿ ಅಂಗಡಿಗಳಲ್ಲಿ ಬಗೆಬಗೆ ಚಿತ್ರದ ಕಾಲುಚೀಲಗಳು ರಾಶಿ ರಾಶಿ. ಸಾವಿರ ವಾನ್ ಅಂದ್ರೆ ಗಾಬರಿಯಾಗಬೇಡಿ, ನಮ್ಮ ಅರವತ್ತು ರೂಪಾಯಿಯ ಆಸುಪಾಸು. ಹಗುರ, ಒಡೆಯೋಲ್ಲ, ಹತ್ತು ಜನಕ್ಕೆ ಹಂಚಬಹುದು. ‘ದಾಯ್ಸೊ’ ಅನ್ನೋ ಅಂಗಡಿಗಳಲ್ಲಿ ಸಾಮಾನಿನ ಬೆಲೆ 500 ವಾನ್‌ನಿಂದ 5,000 ವಾನ್ ಒಳಗೇ.

ನಾಲ್ಕು — ತಂಗಿಯ ಕ್ರೀಮು. ಇದನ್ನ ತಪ್ಪಿಸಿಕೊಳ್ಳೋಕ್ಕಾಗಲ್ಲ! ‘ಆಲಿವ್ ಯಂಗ್’ ಅಂಗಡಿ ಊರೂರಿಗೂ ಇದೆ. ಆದರೆ ಬಾಟಲಿ 100 ಮಿಲಿಲೀಟರ್ ಮೀರಿದ್ರೆ ವಿಮಾನದೊಳಗೆ ಕೈಚೀಲದಲ್ಲಿ ಬಿಡೋಲ್ಲ, ದೊಡ್ಡ ಪೆಟ್ಟಿಗೆಗೆ ಹಾಕಿ.

ಕೊಳ್ಳೋ ಮುಂಚೆ ಕೆಳಗೆ ತಿರುಗಿಸಿ ನೋಡಿ. ಕೊರಿಯಾದ ನೆನಪಿನ ಕಾಣಿಕೆ ಅಂತ ಮಾರೋದೆಷ್ಟೋ ಚೀನಾದಲ್ಲಿ ತಯಾರಾದದ್ದು. ‘ಮೇಡ್ ಇನ್ ಕೊರಿಯಾ’ ಅಂತಿದ್ರೆ ಮಾತ್ರ ಜೇಬಿಗೆ ಕೈ ಹಾಕಿ.

ತಿನ್ನೋ ಸಾಮಾನು

ಒಣಗಿಸಿ ಹುರಿದ ಕಡಲ ಸೊಪ್ಪು, ಹೆಸರು ‘ಗಿಮ್’. ಕಾಗದದಷ್ಟು ತೆಳು, ಹಪ್ಪಳದ ಹಾಗೆ ಗರಿಗರಿ. ಜಿನ್ಸೆಂಗ್ ಬೇರಿನ ಮಿಠಾಯಿ ಹಿರಿಯರಿಗೆ ಸರಿ. ಕಿಮ್ಚಿ ಉಪ್ಪಿನಕಾಯಿ ಮಾತ್ರ ಬೇಡ, ಹುಳಿ ಬಂದು ಉಬ್ಬಿ ಪೆಟ್ಟಿಗೆಯೆಲ್ಲ ಘಮಘಮ! ಅದಕ್ಕೆ ಸೀಗಡಿ, ಮೀನಿನ ರಸ ಹಾಕೋದೂ ವಾಡಿಕೆ. ರಾಮ್ಯನ್ ನೂಡಲ್ಸ್ ಪೊಟ್ಟಣಗಳಲ್ಲೂ ಹಲವಕ್ಕೆ ದನದ ಮಾಂಸದ ಸಾರು ಬೆರೆಸಿರ್ತಾರೆ. ಮನೆಯವರ ಆಚಾರ ನೋಡಿಕೊಂಡು, ಪೊಟ್ಟಣದ ಬರಹ ಓದಿಸಿಕೊಂಡು ತನ್ನಿ.

ಸಿನಿಮಾ ಹುಚ್ಚರಿಗೆ

ನಮ್ಮಲ್ಲಿ ಅಣ್ಣಾವ್ರ ಫೋಟೋ ಆಟೋ ಹಿಂದೆ ಅಂಟಿಸ್ತೀವಲ್ಲ, ಅಲ್ಲಿ ಅಭಿಮಾನವೇ ಒಂದು ದೊಡ್ಡ ವ್ಯಾಪಾರ. ಹಾಡುಗಾರರ ಫೋಟೋ ಕಾರ್ಡು, ಸಂಗೀತ ಕಛೇರಿಯಲ್ಲಿ ಬೀಸೋಕೆ ಬಣ್ಣದ ದೀಪದ ಕೋಲು. ಕೋಲು ದುಬಾರಿ, ಕಾರ್ಡು ಸಾಕು. ‘ಪ್ಯಾರಾಸೈಟ್’ ಚಿತ್ರ 2020ರಲ್ಲಿ ನಾಲ್ಕು ಆಸ್ಕರ್ ಹೊಡೀತು. ಇಂಗ್ಲಿಷೇತರ ಭಾಷೆಯ ಚಿತ್ರವೊಂದು ಶ್ರೇಷ್ಠ ಚಿತ್ರ ಅನ್ನಿಸಿಕೊಂಡದ್ದು ಅದೇ ಮೊದಲು. ಅದರ ಪೋಸ್ಟರ್ ಸಿಕ್ಕರೆ ಸುರುಳಿ ಸುತ್ತಿ ತನ್ನಿ, ಗೋಡೆಗೆ ಶೋಭೆ!

2021ರ ‘ಸ್ಕ್ವಿಡ್ ಗೇಮ್’ ನೋಡಿದವರು ಆ ಡಾಲ್ಗೋನಾ ಮಿಠಾಯಿಯ ಡಬ್ಬಿ ತನ್ನಿ ಅಂತಾರೆ. ಕಾಸು ದಂಡ. ಬಾಣಲೆಯಲ್ಲಿ ಸಕ್ಕರೆ ಕರಗಿಸಿ, ಚಿಟಿಕೆ ಅಡುಗೆ ಸೋಡಾ ಹಾಕಿ ತಿರುವಿ, ತಟ್ಟೆಗೆ ಸುರಿದು ಒತ್ತಿ. ಭೇರ್ಯದಲ್ಲೇ ಡಾಲ್ಗೋನಾ ರೆಡಿ!

ಬಿಲ್ಲು ಬಿಸಾಡಬೇಡಿ

ಸುವಾನ್‌ನಲ್ಲಿ ಇರೋರು ಪ್ರತಿ ಸಲ ಸೋಲ್‌ಗೆ ಓಡಬೇಕಿಲ್ಲ. ಅಲ್ಲಿಯ ಹಳೇ ಕೋಟೆಯ ಪಾಲ್ದಾಲ್ಮುನ್ ಬಾಗಿಲ ಸುತ್ತ ಸಂತೆಬೀದಿಗಳೇ ಇವೆ. ಸೋಲ್‌ಗೆ ಹೋದ್ರೆ ನಾಮ್‌ದೆಮುನ್ ಮಾರುಕಟ್ಟೆ ನೋಡಿ, ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯ ಗಲಾಟೆ ನೆನಪಾಗುತ್ತೆ. ಇಂಥ ಕಡೆ ನಗುನಗ್ತಾ ಸ್ವಲ್ಪ ಚೌಕಾಸಿ ಮಾಡಬಹುದು. ದೊಡ್ಡ ಮಳಿಗೆಗಳಲ್ಲಿ ಬೆಲೆ ಒಂದೇ ಮಾತು.

ಅಲ್ಲಿ ಸಾಮಾನಿನ ಬೆಲೆಯಲ್ಲೇ ನೂರಕ್ಕೆ ಹತ್ತರ ತೆರಿಗೆ ಸೇರಿರುತ್ತೆ. ‘ಟ್ಯಾಕ್ಸ್ ಫ್ರೀ’ ಬೋರ್ಡಿರೋ ಅಂಗಡಿಯಲ್ಲಿ ಒಂದೇ ಸಲಕ್ಕೆ 15,000 ವಾನ್ ಮೇಲೆ ಕೊಂಡ ಪ್ರವಾಸಿಗೆ ಅದರಲ್ಲಿ ಬಹುಪಾಲು ವಾಪಸ್ಸು. 2024ಕ್ಕೆ ಮುಂಚೆ ಈ ಮಿತಿ 30,000 ಇತ್ತು. ಪಾಸ್‌ಪೋರ್ಟ್ ಜೇಬಲ್ಲಿರಲಿ, ಚೀಟಿ ಭದ್ರವಾಗಿರಲಿ. ಇಲ್ಲಿ ಇಳಿದ ಮೇಲೆ ಸುಂಕದವರು ಕೇಳಿದ್ರೂ ಅದೇ ಬಿಲ್ಲು ಕಾಪಾಡೋದು. ಸುಂಕವಿಲ್ಲದೆ ಎಷ್ಟು ತರಬಹುದು ಅನ್ನೋದನ್ನ ಹೊರಡೋ ವಾರ ವಿಚಾರಿಸಿಕೊಳ್ಳಿ, ಆ ಲೆಕ್ಕ ಆಗಾಗ ಬದಲಾಗುತ್ತೆ.

ಹೋಗುವಾಗಲೂ ಕೈ ತುಂಬಿರಲಿ

ಇದನ್ನ ಯಾರೂ ಚೀಟೀಲಿ ಬರೆಯೋಲ್ಲ. ಅಲ್ಲಿಯ ಜೊತೆ ಕೆಲಸದವರಿಗೆ ನಾಲ್ಕು ಮೈಸೂರು ಸ್ಯಾಂಡಲ್ ಸೋಪು ಒಯ್ಯಿರಿ. ಬೆಂಗಳೂರಲ್ಲಿ ಶುರುವಾದ ಸೋಪು ಕಾರ್ಖಾನೆಯದು, ಗಂಧದ ನಾಡಿನ ಹೆಸರು ಹೇಳುತ್ತೆ. ಕೊಡುವಾಗ ಎರಡೂ ಕೈಯಲ್ಲಿ ಕೊಡಿ, ಅವರು ಕೊಟ್ಟದ್ದನ್ನ ಎರಡೂ ಕೈಯಲ್ಲೇ ತಗೊಳ್ಳಿ. ಅಲ್ಲಿಯ ಮರ್ಯಾದೆ ಅದು.

ಇನ್ನು ಆ ಸಾಲದ ಮಾತು. ಅಣ್ಣನವರಿಗೆ ಹೇಳಿ: ಹೊರಡೋ ಮುಂಚೆಯೇ ಚೀಟಿ ಕೊಟ್ಟವರ ಹತ್ರ ಬಾಯಿ ಬಿಡಲಿ. “ದುಡ್ಡು ಕೊಟ್ಟು ಕಳಿಸಿದ್ರೆ, ಪೆಟ್ಟಿಗೇಲಿ ಜಾಗ ಇದ್ರೆ ತರ್ತೀನಿ ಚಿಕ್ಕಪ್ಪ” ಅನ್ನೋದು ಅವಮಾನ ಅಲ್ಲ. ಕೇಳೋರಿಗೆ ಒಂದು ದಿನ ಮುಖ ಸಪ್ಪಗಾಗಬಹುದು. ಸಾಲದ ಕಂತು ಕಟ್ಟೋನ ಮುಖ ವರ್ಷಗಟ್ಟಲೆ ಸಪ್ಪಗಿರುತ್ತೆ. ಹೆಚ್ಚು ಸಾಮಾನು ತಂದವನೇ ಹೀರೋ ಅನ್ನೋದು ಹಳೇ ರೀಲು ಕಣ್ರಪ್ಪಾ!

ಬೆಲ್ ಹೊಡೀತಿದೆ, ಸೆಕೆಂಡ್ ಹಾಫ್ ಶುರು. ಮುಂದಿನ ವಾರ ಇನ್ನೊಂದು ಊರಿನ ಪತ್ರದೊಂದಿಗೆ ಸಿಗೋಣ. ಬರೀತಾ ಇರಿ!