ಟೊಳ್ಳಿಲ್ಲದ ಗಿಟಾರಿನ ಮೇಲೆ ಇಷ್ಟು ಮಮತೆಯೇಕೆ?

ತಂತಿವಾದ್ಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅದರ ಟೊಳ್ಳಾದ ಒಡಲು. ವೀಣೆಗೆ ಕೊಡವುಂಟು, ತಂಬೂರಿಗೆ ಬುರುಡೆಯುಂಟು, ಪಿಟೀಲಿಗೆ ಪೆಟ್ಟಿಗೆಯುಂಟು. ತಂತಿಯೊಂದೇ ಕಂಪಿಸಿದರೆ ಅದು ಅಲುಗಿಸಬಲ್ಲ ಗಾಳಿಯು ಅತ್ಯಲ್ಪ. ಆದುದರಿಂದಲೇ ಆ ಕಂಪನವನ್ನು ತೆಳುವಾದ ಹಲಗೆಗೂ ಅದರೊಳಗಿನ ಗಾಳಿಗೂ ವರ್ಗಾಯಿಸಿ, ದನಿಯನ್ನು ದೊಡ್ಡದು ಮಾಡುವ ಉಪಾಯವನ್ನು ಮನುಷ್ಯನು ಬಹು ಹಿಂದೆಯೇ ಕಂಡುಕೊಂಡನು. ಹೀಗಿರುವಾಗ, ಟೊಳ್ಳೇ ಇಲ್ಲದ, ಮರದ ಹಲಗೆಯೊಂದನ್ನು ಕೊಯ್ದು ಮಾಡಿದ ಗಿಟಾರು ಹುಟ್ಟಿ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ವಾದಕರ ಪ್ರೀತಿಯನ್ನು ಉಳಿಸಿಕೊಂಡು ಬಂದಿರುವುದು ಸೋಜಿಗವಲ್ಲವೇ? ಈ ಪ್ರೀತಿಗೆ ಆಧಾರವುಂಟೇ, ಅಥವಾ ಇದು ಬರಿಯ ರೂಢಿಯ ಮೋಹವೇ ಎಂಬುದನ್ನು ವಿಚಾರಿಸುವುದು ಉಚಿತ.

ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಗಿಟಾರಿಗೆ ವಿದ್ಯುತ್ತನ್ನು ಜೋಡಿಸಿದ ಮೊದಲ ಯಶಸ್ವೀ ಪ್ರಯತ್ನವು ಅಮೆರಿಕದಲ್ಲಿ 1931ರಲ್ಲಿ ನಡೆಯಿತು. ಜಾರ್ಜ್ ಬೋಷಾಂ ಎಂಬಾತನು ರೂಪಿಸಿ, ರಿಕನ್‌ಬ್ಯಾಕರ್ ಸಂಸ್ಥೆಯು ಮಾರಾಟಕ್ಕೆ ತಂದ ಆ ವಾದ್ಯವನ್ನು ಅದರ ಆಕಾರವನ್ನು ನೋಡಿ ಜನರು ‘ಬಾಣಲೆ’ ಎಂದು ಕರೆದರು. ಅದರ ಒಡಲು ಅಚ್ಚಿನಲ್ಲಿ ಎರೆದ ಅಲ್ಯೂಮಿನಿಯಮ್ಮಿನದು. 1940ರ ಸುಮಾರಿಗೆ ಲೆಸ್ ಪಾಲ್ ಎಂಬ ವಾದಕನು ನಾಲ್ಕಂಗುಲ ಚೌಕದ ಪೈನ್ ತೊಲೆಯೊಂದಕ್ಕೆ ತಂತಿಗಳನ್ನು ಬಿಗಿದು ಪರೀಕ್ಷಿಸಿದನು. ಇಂತಹ ವಾದ್ಯವನ್ನು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಿಸಿ ಜನರ ಕೈಗೆ ತಲಪಿಸುವ ಬಗೆಯನ್ನು ತೋರಿಸಿದವನು ಮಾತ್ರ ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ (1909–1991). ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. 1950ರಲ್ಲಿ ಹೊರಬಂದ ಆತನ ಗಿಟಾರಿಗೆ ಮೊದಲು ‘ಬ್ರಾಡ್‌ಕಾಸ್ಟರ್’ ಎಂಬ ಹೆಸರಿದ್ದಿತು. ಗ್ರೆಟ್ಷ್ ಕಂಪನಿಯು ಅದೇ ಉಚ್ಚಾರದ ಹೆಸರಿನಲ್ಲಿ ತನ್ನ ಡ್ರಮ್ಮುಗಳನ್ನು ಮಾರುತ್ತಿದ್ದುದರಿಂದ ಆಕ್ಷೇಪಣೆ ಬಂದು, 1951ರಲ್ಲಿ ಅದು ‘ಟೆಲಿಕಾಸ್ಟರ್’ ಆಯಿತು. ಇಂದಿಗೂ ಅದು ಬಹುಮಟ್ಟಿಗೆ ಅದೇ ರೂಪದಲ್ಲಿ ತಯಾರಾಗುತ್ತಿದೆ.

ಈ ವಾದ್ಯದ ಮರ್ಮವು ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವದಲ್ಲಿದೆ. ಉಕ್ಕಿನ ತಂತಿಗಳ ಕೆಳಗೆ ಆರು ಪುಟ್ಟ ಅಯಸ್ಕಾಂತಗಳನ್ನು ನಿಲ್ಲಿಸಿ, ಅವುಗಳ ಸುತ್ತ ಕೂದಲಿನಷ್ಟು ಸಣ್ಣನೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿಯು ಅಯಸ್ಕಾಂತದ ಸಾಮೀಪ್ಯದಿಂದ ತಾನೂ ಕಾಂತತ್ವವನ್ನು ಪಡೆಯುತ್ತದೆ. ಅದು ಕಂಪಿಸಿದಾಗ ಸುರುಳಿಯನ್ನು ಹಾಯುವ ಕಾಂತರೇಖೆಗಳು ಏರಿಳಿಯುತ್ತವೆ. ಅದಕ್ಕನುಗುಣವಾಗಿ ಸುರುಳಿಯಲ್ಲಿ ಅಲ್ಪವಾದ ವಿದ್ಯುತ್ ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ಪಿಕಪ್ಪು ಗಾಳಿಯ ಅಲೆಯನ್ನು ಕೇಳುವುದಿಲ್ಲ, ಮರದ ನಾದವನ್ನೂ ನೇರವಾಗಿ ಕೇಳುವುದಿಲ್ಲ. ಅದು ಗಮನಿಸುವುದು ತಂತಿಯ ಚಲನೆಯನ್ನು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ಟೊಳ್ಳನ್ನು ತೆಗೆದುಹಾಕಿದುದೇಕೆ? ಟೊಳ್ಳು ಗಿಟಾರಿಗೆ ಪಿಕಪ್ಪನ್ನು ಜೋಡಿಸಿ ಗಟ್ಟಿಯಾಗಿ ನುಡಿಸಿದರೆ, ಧ್ವನಿವರ್ಧಕದಿಂದ ಹೊರಟ ಶಬ್ದವು ಅದರ ತೆಳು ಹಲಗೆಯನ್ನು ಅಲುಗಿಸುತ್ತದೆ. ಹಲಗೆಯು ತಂತಿಯನ್ನು ಅಲುಗಿಸುತ್ತದೆ. ತಂತಿಯ ಅಲುಗಾಟವು ಮತ್ತೆ ಧ್ವನಿವರ್ಧಕಕ್ಕೆ ಹೋಗುತ್ತದೆ. ಈ ಚಕ್ರವು ಬೆಳೆದು ಕಿವಿಗಡಚಿಕ್ಕುವ ಊಳಾಟವಾಗುತ್ತದೆ. ಗಟ್ಟಿ ಒಡಲು ಹೀಗೆ ಸುಲಭವಾಗಿ ಅಲುಗದು. ಇದರಿಂದ ಇನ್ನೊಂದು ಲಾಭವೂ ಉಂಟು. ಟೊಳ್ಳು ವಾದ್ಯದಲ್ಲಿ ತಂತಿಯು ತನ್ನ ಶಕ್ತಿಯನ್ನು ಹಲಗೆಗೆ ಬೇಗನೆ ಕೊಟ್ಟುಬಿಡುತ್ತದೆ; ಗಟ್ಟಿ ಒಡಲಿನಲ್ಲಿ ಆ ಶಕ್ತಿಯು ನಿಧಾನವಾಗಿ ಸೋರುವುದರಿಂದ ಸ್ವರವು ದೀರ್ಘಕಾಲ ನಿಲ್ಲುತ್ತದೆ.

ಟೆಲಿಕಾಸ್ಟರಿನ ತೀಕ್ಷ್ಣವಾದ ದನಿಗೆ ಮುಖ್ಯ ಕಾರಣವು ಅದರ ಹಿಂದಿನ ಪಿಕಪ್ಪು. ತಂತಿಗಳು ಹಾಯುವ ಕುದುರೆಯ ಪಕ್ಕದಲ್ಲೇ, ಉಕ್ಕಿನ ತಗಡಿನ ನಡುವೆ, ಅದನ್ನು ಓರೆಯಾಗಿ ಕೂರಿಸಲಾಗಿದೆ. ತಂತಿಯು ಕಂಪಿಸುವಾಗ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತಸಂಖ್ಯೆಯ ಮೇಲ್ಸ್ವರಗಳೂ ಹುಟ್ಟುತ್ತವೆಯಷ್ಟೆ. ತಂತಿಯ ತುದಿಯ ಸಮೀಪದಲ್ಲಿ ಮೂಲಸ್ವರದ ಚಲನೆಯು ಬಹಳ ಕಡಿಮೆ. ಮೇಲ್ಸ್ವರಗಳ ಪಾಲು ಹೋಲಿಕೆಯಲ್ಲಿ ಹೆಚ್ಚು. ಅಲ್ಲಿ ಆಲಿಸುವ ಪಿಕಪ್ಪಿಗೆ ಚುರುಕಾದ, ಅಂಚುಳ್ಳ ನಾದವು ದೊರೆಯುತ್ತದೆ. ದಂಡಿಯ ಬಳಿಯಿರುವ ಇನ್ನೊಂದು ಪಿಕಪ್ಪಿಗೆ ಮೂಲಸ್ವರವೇ ಹೆಚ್ಚಾಗಿ ಸಿಕ್ಕಿ ದನಿಯು ದುಂಡಗಾಗುತ್ತದೆ. ಸ್ವಿಚ್ಚೊಂದನ್ನು ಸರಿಸಿ ವಾದಕನು ಇವೆರಡರಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು.

ಕಟ್ಟಡದಲ್ಲಿಯೂ ಇದೇ ಸರಳತೆಯನ್ನು ಕಾಣುತ್ತೇವೆ. ಹಳೆಯ ಪದ್ಧತಿಯಲ್ಲಿ ದಂಡಿಯನ್ನು ಒಡಲಿಗೆ ಅಂಟಿನಿಂದ ಕೂಡಿಸುತ್ತಿದ್ದರು. ಅದು ಬಾಗಿದರೆ ನುರಿತ ಕುಶಲಕರ್ಮಿಯೇ ಬೇಕಾಗುತ್ತಿದ್ದಿತು. ಫೆಂಡರ್ ಅದನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದನು. ಕೆಟ್ಟ ಭಾಗವನ್ನು ಕಳಚಿ ಹೊಸದನ್ನು ಹಾಕುವುದು ರೇಡಿಯೊ ರಿಪೇರಿಯವನಿಗೆ ದಿನನಿತ್ಯದ ಕೆಲಸ. ಆ ಬುದ್ಧಿಯನ್ನೇ ಆತನು ವಾದ್ಯಕ್ಕೂ ತಂದನು. ಊರಿಂದೂರಿಗೆ ಅಲೆಯುತ್ತ ರಾತ್ರಿಯೆಲ್ಲ ನುಡಿಸಿ ಹೊಟ್ಟೆ ಹೊರೆಯುವ ವಾದಕನಿಗೆ ಇದಕ್ಕಿಂತ ದೊಡ್ಡ ಉಪಕಾರವುಂಟೇ?

ನನ್ನ ಅಭಿಪ್ರಾಯದಲ್ಲಿ, ವಾದಕರ ಒಲವಿನ ಬೇರು ಇಲ್ಲಿದೆ. ಈ ಗಿಟಾರು ತನ್ನದೆಂಬುದನ್ನು ಹೆಚ್ಚಾಗಿ ಸೇರಿಸುವುದಿಲ್ಲ. ಬೆರಳು ಮಾಡಿದುದನ್ನು ಮರೆಮಾಚುವುದೂ ಇಲ್ಲ. ಮೀಟು ಮೃದುವಾದರೆ ಮೃದುವಾಗಿ, ಬಿರುಸಾದರೆ ಬಿರುಸಾಗಿ ಕೇಳುತ್ತದೆ. ಬೆರಳು ತಪ್ಪಿದರೆ ಅದೂ ಸ್ಪಷ್ಟವಾಗಿ ಕೇಳುತ್ತದೆ. ಷಿಕಾಗೊವಿನ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್, ಕ್ಯಾಲಿಫೋರ್ನಿಯದ ಗ್ರಾಮೀಣ ಸಂಗೀತದ ಬಕ್ ಓವೆನ್ಸ್, ಆರು ತಂತಿಗಳಲ್ಲಿ ಒಂದನ್ನು ತೆಗೆದುಹಾಕಿ ಐದರಲ್ಲಿಯೇ ನುಡಿಸುವ ಇಂಗ್ಲೆಂಡಿನ ಕೀತ್ ರಿಚರ್ಡ್ಸ್—ಇವರ ಸಂಗೀತಗಳಲ್ಲಿ ಒಂದಕ್ಕೊಂದು ಹೋಲಿಕೆ ಕಡಿಮೆ. ಕೈಯಲ್ಲಿದ್ದ ವಾದ್ಯದ ಮಾದರಿಯು ಮಾತ್ರ ಒಂದೇ.

ಇದರಲ್ಲಿ ದೋಷಗಳಿಲ್ಲವೆಂದಲ್ಲ. ಒಂಟಿ ಸುರುಳಿಯ ಪಿಕಪ್ಪು ತಂತಿಯ ಚಲನೆಯೊಂದಿಗೆ ಸುತ್ತಲಿನ ವಿದ್ಯುತ್ ತಂತಿಗಳ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಗಿಬ್ಸನ್ ಸಂಸ್ಥೆಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಈ ಗದ್ದಲವನ್ನು ಅಳಿಸುವ ಉಪಾಯವನ್ನು ರೂಪಿಸಿದನು. ಟೆಲಿಕಾಸ್ಟರಿನ ಮೂಲ ಕುದುರೆಯಲ್ಲಿ ಆರು ತಂತಿಗಳಿಗೆ ಮೂರೇ ಆಧಾರಗಳಿದ್ದುದರಿಂದ ಪ್ರತಿ ತಂತಿಯ ಶ್ರುತಿಯನ್ನೂ ಬೇರೆಬೇರೆಯಾಗಿ ತಿದ್ದಲು ಸಾಧ್ಯವಿರಲಿಲ್ಲ. ಕೆಲವು ಅಭಿಮಾನಿಗಳು ಇವುಗಳನ್ನೂ ಗುಣಗಳೆಂದೇ ಹೊಗಳುವರು. ಪ್ರೀತಿಯು ದೋಷವನ್ನು ಸಹಿಸಬಹುದು. ಅದನ್ನು ಗುಣವೆಂದು ಸಾಧಿಸಹೊರಡುವುದು ಮಾತ್ರ ವಿಚಾರವಂತರಿಗೆ ಒಪ್ಪತಕ್ಕುದಲ್ಲ.

ಇದಕ್ಕಿಂತಲೂ ಹೆಚ್ಚು ಪರಿಶೀಲನೆಗೆ ತಕ್ಕುದಾದುದು ಮರದ ಮಹಿಮೆಯ ಮಾತು. ಇಂತಹ ಜಾತಿಯ ಮರವಿಲ್ಲದಿದ್ದರೆ ಆ ನಾದವು ಬಾರದೆಂದು ನಂಬಿ, ಹಳೆಯ ಗಿಟಾರುಗಳಿಗೆ ಅಪಾರ ಹಣ ತೆರುವವರುಂಟು. ಮರಕ್ಕೆ ಪಾತ್ರವೇ ಇಲ್ಲವೆಂದು ನಾನು ಹೇಳುವುದಿಲ್ಲ. ದಂಡಿಯ ಬಿಗುವು ಕಡಿಮೆಯಾದ ಜಾಗದಲ್ಲಿ ಕೆಲವು ಸ್ವರಗಳು ಬೇಗನೆ ಸಾಯುತ್ತವೆಂಬುದನ್ನು ಜರ್ಮನಿಯ ಫ್ಲೈಶರ್ ಮತ್ತು ತ್ಸ್ವಿಕರ್ ಎಂಬ ವಿಜ್ಞಾನಿಗಳು 1990ರ ದಶಕದ ಕೊನೆಯಲ್ಲಿ ಅಳೆದು ತೋರಿಸಿದ್ದಾರೆ. ಆದರೆ ಇದು ಬಿಗುವಿನ ಮತ್ತು ತೂಕದ ಲೆಕ್ಕ. ಮರದ ಕುಲಗೋತ್ರದ ಲೆಕ್ಕವಲ್ಲ. ಮೊದಲ ವಿದ್ಯುತ್ ಗಿಟಾರಿನ ಒಡಲು ಲೋಹದ್ದಾಗಿದ್ದಿತೆಂಬುದನ್ನು ಆಗಲೇ ಕಂಡೆವು. ಫೆಂಡರನ ಮೊದಲ ಮಾದರಿಗಳು ಸಾಮಾನ್ಯ ಪೈನಿನವು. ಆ ಬಳಿಕ ಆಷ್ ಮರ ಬಂದಿತು. 1969ರಲ್ಲಿ ಜಾರ್ಜ್ ಹ್ಯಾರಿಸನ್ ನುಡಿಸಿದ ಟೆಲಿಕಾಸ್ಟರಂತೂ ರೋಸ್‌ವುಡ್ಡಿನದು. ಇನ್ನು ಟೊಳ್ಳಿನ ವಾದ್ಯವಾದ, ಮರವೇ ಸರ್ವಸ್ವವೆನ್ನಬಹುದಾದ ಪಿಟೀಲಿನಲ್ಲಿಯೂ ಈ ನಂಬಿಕೆಯು ಪರೀಕ್ಷೆಗೆ ನಿಲ್ಲಲಿಲ್ಲ. 2010ರಲ್ಲಿ ಇಂಡಿಯಾನಪೊಲಿಸ್ ನಗರದಲ್ಲಿ 21 ಮಂದಿ ವಾದಕರಿಗೆ ಕಣ್ಣು ಕಾಣದಂತೆ ಮಾಡಿ ಹಳೆಯ ಇಟಲಿಯ ಮೂರು ಪಿಟೀಲುಗಳನ್ನೂ ಹೊಸ ಮೂರನ್ನೂ ಕೊಟ್ಟಾಗ, ಹೆಚ್ಚು ಮೆಚ್ಚಿಕೆ ಪಡೆದುದು ಒಂದು ಹೊಸ ಪಿಟೀಲು; ಎಲ್ಲಕ್ಕಿಂತ ಕಡಿಮೆ ಮೆಚ್ಚಿಕೆ ಪಡೆದುದು ಒಂದು ಸ್ಟ್ರಾಡಿವೇರಿಯಸ್.

ಈ ಚರ್ಚೆಯು ಬರಿಯ ಬಾಯಿಮಾತಿನದಲ್ಲ. ಅದಕ್ಕೆ ಕಾಡು ಬೆಲೆ ತೆರುತ್ತದೆ. 2002ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಪತ್ತೆಯಾದ, ಪೂರ್ವ ಏಷ್ಯದಿಂದ ಬಂದ ಹಸುರು ಕೊರಕ ಹುಳುವು ಕೋಟ್ಯಂತರ ಆಷ್ ಮರಗಳನ್ನು ಕೊಂದಿದೆ. ಇದರ ಜೊತೆಗೆ ನದೀಬಯಲಿನಲ್ಲಿ ನೆರೆಯು ಹೆಚ್ಚು ಕಾಲ ನಿಂತು ಮರ ಕಡಿಯುವುದು ಕಷ್ಟವಾಗಿ, 2020ರಲ್ಲಿ ಫೆಂಡರ್ ಸಂಸ್ಥೆಯು ತನ್ನ ಬಹುಪಾಲು ಮಾದರಿಗಳಲ್ಲಿ ಆಷ್ ಬಳಕೆಯನ್ನು ಕೈಬಿಡುವುದಾಗಿ ತಿಳಿಸಿತು. ಇನ್ನೊಂದು ಸಂಗತಿಯು ನಮಗೆ ಹತ್ತಿರದ್ದು. ಗಿಟಾರಿನ ಮೆಟ್ಟಿಲುಗಳನ್ನು ಕೂರಿಸುವ ಪಟ್ಟಿಗೆ ಬಹುಕಾಲದಿಂದ ಬಳಸುತ್ತಿರುವ ಭಾರತೀಯ ರೋಸ್‌ವುಡ್ ಎಂದರೆ ಬೇರೆಯಲ್ಲ, ನಮ್ಮ ಪಶ್ಚಿಮ ಘಟ್ಟದ ಬೀಟೆಯೇ. ನಿಧಾನವಾಗಿ ಬೆಳೆಯುವ ಈ ಮರವು ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಯಲ್ಲಿದೆ. 2017ರಲ್ಲಿ ಅದರ ಕುಲಕ್ಕೆಲ್ಲ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣ ಬಂದಿತು. 2019ರಲ್ಲಿ ಸಿದ್ಧ ಸಂಗೀತವಾದ್ಯಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಫೆಂಡರನ 1950ರ ಗಿಟಾರಿನಲ್ಲಿ ಇಂತಹ ಪಟ್ಟಿಯೇ ಇರಲಿಲ್ಲ. ಮೇಪಲ್ ಮರದ ದಂಡಿಯ ಮೇಲೆಯೇ ಮೆಟ್ಟಿಲುಗಳನ್ನು ಕೂರಿಸಿದ್ದರು.

ಆದುದರಿಂದ, ಗಿಟಾರು ಕೊಳ್ಳಲು ಹೊರಟ ತರುಣ ತರುಣಿಯರಿಗೆ ನನ್ನ ಸಲಹೆಯು ಇಷ್ಟೆ: ದಂಡಿಯು ನೇರವಾಗಿದೆಯೇ, ಮೆಟ್ಟಿಲುಗಳು ಸಮವಾಗಿವೆಯೇ, ಶ್ರುತಿ ನಿಲ್ಲುವುದೇ, ಪಿಕಪ್ಪು ಸರಿಯಾಗಿದೆಯೇ ಎಂಬುದನ್ನು ನೋಡಿರಿ, ಕಣ್ಣು ಮುಚ್ಚಿ ನುಡಿಸಿ ಕೇಳಿರಿ. ಮರದ ಹೆಸರನ್ನು ಕೊನೆಯಲ್ಲಿ ವಿಚಾರಿಸಿದರೆ ಸಾಕು. ಲಿಯೋ ಫೆಂಡರನ ವಿನ್ಯಾಸವು ಬಡ ವಾದಕನ ಕೈಗೂ ಎಟುಕಲೆಂದು ಅನಾವಶ್ಯಕವಾದುದೆಲ್ಲವನ್ನೂ ಬಿಟ್ಟು ಹುಟ್ಟಿದುದು. ಅಂತಹ ವಾದ್ಯವನ್ನು ದುರ್ಲಭವಾದ ಮರದ ಹೆಸರಿನಲ್ಲಿ ದುಬಾರಿ ಮಾಡಿ, ಅದಕ್ಕಾಗಿ ನೂರು ವರ್ಷದ ಬೀಟೆಯನ್ನು ಉರುಳಿಸುವುದು ಆ ವಿನ್ಯಾಸವನ್ನು ಪ್ರೀತಿಸುವ ರೀತಿಯಲ್ಲ.