ಕ್ಯಾಂಪಿನ ಲೆಕ್ಕ ಜಿಲ್ಲೆಯ ಲೆಕ್ಕವಲ್ಲ

ಚಾಮರಾಜನಗರ ಜಿಲ್ಲೆಯಲ್ಲಿ ಸಕ್ಕರೆ ಕಾಯಿಲೆ ಇರುವವರು ಎಷ್ಟು ಮಂದಿ? ಸರ್ಕಾರಿ ಆಸ್ಪತ್ರೆಯ ರಿಜಿಸ್ಟರ್ ಒಂದು ಸಂಖ್ಯೆ ಹೇಳುತ್ತದೆ, ಶುಗರ್ ಕ್ಯಾಂಪ್ ನಡೆಸಿದವರು ಇನ್ನೊಂದು ಹೇಳುತ್ತಾರೆ. ಎರಡನ್ನೂ ನಂಬಿ ಕೂರುವಂತಿಲ್ಲ.

ರಿಜಿಸ್ಟರ್‌ನಲ್ಲಿ ಇರುವುದು ಕಾಯಿಲೆ ಗೊತ್ತಾಗಿ ಮಾತ್ರೆಗೆ ಬರುವವರ ಹೆಸರಷ್ಟೇ. ದೇಶದಲ್ಲಿ ಮಧುಮೇಹ ಎಷ್ಟಿದೆ ಎಂದು ಅಳೆಯುವ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಕರ್ನಾಟಕವೂ ಸೇರಿದಂತೆ 15 ರಾಜ್ಯಗಳಲ್ಲಿ 57,117 ಜನರನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಮಧುಮೇಹ ಕಂಡವರಲ್ಲಿ ಶೇ. 47ರಷ್ಟು ಮಂದಿಗೆ ಅಲ್ಲಿಯವರೆಗೆ ಅದರ ಸುಳಿವೇ ಇರಲಿಲ್ಲ.

ಕ್ಯಾಂಪಿನ ದೋಷ ಬೇರೆ ಬಗೆಯದು. ಗುಂಡ್ಲುಪೇಟೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಪೆಂಡಾಲ್ ಹಾಕಿದರೆ ವಯಸ್ಸಾದವರು, ಸುಸ್ತು, ಕಾಲುರಿ ಅನ್ನುವವರು, ಮನೆಯಲ್ಲಿ ಆಗಲೇ ಯಾರಿಗೋ ಶುಗರ್ ಇರುವವರು ಬರುತ್ತಾರೆ. ಚೆಂಡು ಹೂ ಕೀಳುವವರು, ತೆರಕಣಾಂಬಿ ಮಾರುಕಟ್ಟೆಗೆ ತರಕಾರಿ ಹಾಕಲು ಹೋದವರು, ಕೂಲಿಗೆಂದು ಕೇರಳದ ಗಡಿ ದಾಟಿದವರು ಆ ಹೊತ್ತಿಗೆ ಊರಲ್ಲೇ ಇರುವುದಿಲ್ಲ. ಬಂದ ನೂರು ಜನರಲ್ಲಿ ಎಷ್ಟು ಮಂದಿಗೆ ಶುಗರ್ ಇದೆಯೋ, ಊರಿನ ನೂರು ಜನರಲ್ಲೂ ಅಷ್ಟೇ ಮಂದಿಗೆ ಇದೆ ಎಂದುಕೊಳ್ಳುವುದು ತಪ್ಪು.

ದೇಶದ ಅಂಕಿಗಳು ಇವೆಯಲ್ಲ ಎನ್ನಬಹುದು. 2023ರ ಇಂಡಿಯಾಬ್ ವರದಿಯ ಪ್ರಕಾರ ವಯಸ್ಕರಲ್ಲಿ ಮಧುಮೇಹ ನಗರಗಳಲ್ಲಿ ಶೇ. 16.4, ಹಳ್ಳಿಗಳಲ್ಲಿ ಶೇ. 8.9. ಆದರೆ ಆ ಅಧ್ಯಯನ ಒಂದು ರಾಜ್ಯಕ್ಕೆ ಇಟ್ಟುಕೊಂಡ ಗುರಿ ಸುಮಾರು 4,000 ಜನ. ಅದರಲ್ಲಿ ಚಾಮರಾಜನಗರಕ್ಕೆಂದೇ ಪ್ರತ್ಯೇಕ ಉತ್ತರ ಹುಡುಕುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲಾವಾರು ಅಂಕಿ ಕೊಡುತ್ತದೆ, ಅದು ಉಪಯುಕ್ತವೂ ಹೌದು. ಆದರೆ ಅಲ್ಲಿ ಉಂಡಿದ್ದರೂ ಉಪವಾಸವಿದ್ದರೂ ಒಂದೇ ಸಲ ಬೆರಳು ಚುಚ್ಚಿ, 140 ದಾಟಿದರೆ ‘ಹೆಚ್ಚು’ ಎಂದು ಬರೆದುಕೊಳ್ಳುತ್ತಾರೆ. ಅದು ಸೂಚನೆ, ರೋಗನಿರ್ಣಯವಲ್ಲ.

ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಸಾಕು ಎನ್ನುವವರು ಬಿಳಿಗಿರಿರಂಗನ ಬೆಟ್ಟದ ಪೋಡುಗಳನ್ನು, ಅಂದರೆ ಸೋಲಿಗ ಬುಡಕಟ್ಟಿನವರ ಹಾಡಿಗಳನ್ನು ನೆನೆಯಬೇಕು. ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆ ಕಂಡುಬರುತ್ತದೆ. ಅದರಿಂದ ಕೆಂಪು ರಕ್ತಕಣದ ಆಯಸ್ಸೇ ಕಡಿಮೆಯಾದಾಗ ಈ ಪರೀಕ್ಷೆ ಸಕ್ಕರೆಯನ್ನು ಇರುವುದಕ್ಕಿಂತ ಕಡಿಮೆ ತೋರಿಸಬಹುದು.

ಆದ್ದರಿಂದ ಜಿಲ್ಲಾ ಪಂಚಾಯಿತಿ, ಆರೋಗ್ಯ ಇಲಾಖೆ ಮತ್ತು ಚಾಮರಾಜನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ ಸೇರಿ ಜಿಲ್ಲೆಗೇ ಒಂದು ಸಮೀಕ್ಷೆ ನಡೆಸಬೇಕು. ಊರು, ಮನೆ, ಮನೆಯೊಳಗಿನ ವ್ಯಕ್ತಿ, ಎಲ್ಲವನ್ನೂ ಚೀಟಿ ಎತ್ತಿಯೇ ಆರಿಸಬೇಕು. ಬೀಗ ಹಾಕಿದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗಬಾರದು, ಸಂಜೆ ಮತ್ತೆ ಬರಬೇಕು. ಬರಿಹೊಟ್ಟೆಯಲ್ಲೊಮ್ಮೆ, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ ಇನ್ನೊಮ್ಮೆ ರಕ್ತ ನೋಡಬೇಕು.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 10.2 ಲಕ್ಷ. ಅಷ್ಟೂ ಮಂದಿಯನ್ನು ಚುಚ್ಚಬೇಕಿಲ್ಲ. ನೂರಕ್ಕೆ ಹತ್ತರ ಆಸುಪಾಸು ಇರುವ ಕಾಯಿಲೆಯನ್ನು ಎರಡರಷ್ಟು ಆಚೀಚೆಯಲ್ಲಿ ಹಿಡಿಯಲು ಸುಮಾರು 900 ಜನ ಸಾಕು. ಒಂದೇ ಊರಿನವರ ಬದುಕು ಒಂದೇ ಥರ ಇರುವುದರಿಂದ ಅದನ್ನು ಇಮ್ಮಡಿ ಮಾಡಿದರೆ 1,800. ಪೋಡುಗಳಿಗೆ ಬೇರೆಯೇ ಲೆಕ್ಕ ಬೇಕು.

ಎಷ್ಟು ಮಾತ್ರೆ, ಎಷ್ಟು ಇನ್ಸುಲಿನ್ ತರಿಸಬೇಕು, ಕಣ್ಣಿನ ತಪಾಸಣೆ ಎಲ್ಲಿ ಬೇಕು ಎಂಬುದೆಲ್ಲ ಈ ಸಂಖ್ಯೆಯ ಮೇಲೆ ನಿಂತಿದೆ. ಮುಂದಿನ ಗ್ರಾಮಸಭೆಯಲ್ಲಿ ಪ್ರತಿ ಊರೂ ಈ ಸಮೀಕ್ಷೆ ಕೇಳಿ ಠರಾವು ಮಾಡಲಿ. ಚೀಟಿಯಲ್ಲಿ ಹೆಸರು ಬಂದವರು ‘ನನಗೇನೂ ಆಗಿಲ್ಲ’ ಎಂದು ಹಿಂದೆ ಸರಿಯದೆ ರಕ್ತ ಕೊಡಲಿ. ಏನೂ ಆಗದವರೂ ಲೆಕ್ಕಕ್ಕೆ ಬೇಕು.